ಹೋಗುತ್ತೇನೆ ಎಂದ ಮೇಕೆ ಮಾವ

ದೊಡ್ಡ ಹಾಸುಬಟ್ಟೆಯನ್ನು ಒಬ್ಬರೇ ಮಡಚಲು ಆಗುವುದಿಲ್ಲ. ನಾನು ಮಡಚುತ್ತೇನೆ ಎನ್ನುವವರು ಸುಳ್ಳು ಹೇಳುತ್ತಾರೆ, ಇಲ್ಲವೇ ಅವರ ಮನೆಯ ಬೀರುವನ್ನು ನಾನೊಮ್ಮೆ ತೆಗೆದು ನೋಡಬೇಕು. ಎರಡು ತುದಿಗೆ ಇಬ್ಬರು ನಿಲ್ಲಬೇಕು. ಮೂಲೆಗೆ ಮೂಲೆ ಸೇರಿಸಬೇಕು, ಒಮ್ಮೆ ಜಗ್ಗಿ ಸುಕ್ಕು ಬಿಡಿಸಬೇಕು, ಆಮೇಲೆ ಒಬ್ಬರ ಕಡೆಗೆ ಒಬ್ಬರು ನಡೆದು ಬರಬೇಕು. ನಡುವೆ ಸಿಕ್ಕಾಗ ಒಬ್ಬಳು ತನ್ನ ಕೈಯ ಮೂಲೆಗಳನ್ನು ಇನ್ನೊಬ್ಬಳಿಗೆ ಕೊಟ್ಟು ಹಿಂದೆ ಸರಿಯುತ್ತಾಳೆ. ದಿನವಿಡೀ ಹೀಗೆ ಒಂದೇ ಮುಖದ ಎದುರು ಹೋಗಿ ಬಂದು ಮಾಡುತ್ತಿದ್ದರೆ ಇರುವುದು ಎರಡೇ ದಾರಿ, ಜಗಳ ಆಡಬೇಕು ಇಲ್ಲವೇ ಮಾತಾಡಬೇಕು. ಮೂಲೆಯಕ್ಕನ ಜೊತೆ ನಾನು ಎರಡನ್ನೂ ಬೇಕಾದಷ್ಟು ಮಾಡಿದ್ದೇನೆ.

ನಮ್ಮದು ಆಸ್ಪತ್ರೆ ಮತ್ತು ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿ. ಮುಂದೆ ಒಗೆಯುವ ಯಂತ್ರಗಳು, ಅದರ ಹಿಂದೆ ಒಣಗಿಸುವ ಯಂತ್ರಗಳು, ಕೊನೆಯಲ್ಲಿ ಗೋಡೆಗೆ ಒತ್ತಿಕೊಂಡಂತೆ ನಮ್ಮ ಮಡಚುವ ಮೇಜು. ಹೊರಗೆ ಬಿಸಿಲಿರಲಿ ಚಳಿಯಿರಲಿ ಒಳಗೆ ಯಾವಾಗಲೂ ಹಬೆ, ಸೋಪಿನ ವಾಸನೆ. ಯಂತ್ರಗಳ ಸದ್ದಿನಲ್ಲಿ ಕೆಲಸ ಮಾಡುವವರೆಲ್ಲ ಕೂಗಿ ಮಾತಾಡುವುದನ್ನು ಕಲಿಯುತ್ತಾರೆ. ನನಗೆ ಕಲಿಯಬೇಕಾಗಿ ಬರಲಿಲ್ಲ, ಹುಟ್ಟಿನಿಂದ ಬಂದದ್ದು. ಅವಳಿಗೆ ಕೊನೆಯವರೆಗೂ ಬರಲಿಲ್ಲ. ಮೆಲ್ಲಗೆ ಆಡುತ್ತಿದ್ದಳು; ಕೇಳಿಸಬೇಕೆಂದರೆ ನಡುವೆ ಸಿಕ್ಕಾಗ ಕೇಳಿಸಿಕೊಳ್ಳಬೇಕು. ಹಾಗಾಗಿ ಅವಳ ಬದುಕು ನನಗೆ ಸಿಕ್ಕಿದ್ದೆಲ್ಲ ತುಂಡುತುಂಡಾಗಿ, ಹಾಸುಬಟ್ಟೆಗೆ ಒಂದು ಮಾತಿನಂತೆ.

ಜೋರಾಗಿ ಹೇಳುತ್ತಿದ್ದುದು ಒಂದನ್ನೇ. "ಮೂಲೆ ಸರಿಯಾಗಿ ಹಿಡಿಯೇ." ಅದಕ್ಕೇ ಲಾಂಡ್ರಿಯಲ್ಲಿ ಅವಳಿಗೆ ಮೂಲೆಯಕ್ಕ ಎಂದು ಹೆಸರು ಬಿತ್ತು. ನಾವು ಇಟ್ಟ ಹೆಸರು ಅವಳಿಗೆ ಗೊತ್ತಿತ್ತು, ಬೇಸರ ಮಾಡಿಕೊಳ್ಳಲಿಲ್ಲ. ಕರೆಯುತ್ತಾರಲ್ಲ, ಅಷ್ಟೇ ಸಾಕು ಎನ್ನುವ ಜಾತಿ ಅವಳದು. ಆ ಜಾತಿಯವರನ್ನು ಕಂಡರೆ ನನಗೆ ಮೈ ಉರಿಯುತ್ತದೆ, ಅವರನ್ನು ಬಿಟ್ಟು ಇರಲೂ ಆಗುವುದಿಲ್ಲ.

ಒಂದು ಕಾಲದಲ್ಲಿ ಅವಳು ಹೇಳುತ್ತಿದ್ದ ಸುದ್ದಿಗಳಿಂದ ನಾನು ಬೇಸ್ತು ಬಿದ್ದದ್ದುಂಟು.

"ಮಾವನಿಗೆ ನೆಗಡಿ. ಬೆಳಿಗ್ಗೆ ಔಷಧಿ ಕೊಟ್ಟು ಬಂದೆ," ಅನ್ನುವಳು. ಮರುದಿನ, "ಎದುರುಮನೆಯವಳು ಹೊಸ ಕುರ್ಚಿ ತಂದಿದಾಳೆ. ನೋಡೋಕೆ ಬಾ ಬಾ ಅಂತ ಪ್ರಾಣ ತಿಂತಾಳೆ ಕಣೆ."

ತಮ್ಮನೊಬ್ಬನನ್ನು ಬಿಟ್ಟರೆ ಇವಳಿಗೆ ಯಾರೂ ಇಲ್ಲ ಎಂದುಕೊಂಡಿದ್ದೆ. ಇವಳಿಗೆ ಮಾವನಂತೆ, ಎದುರುಮನೆಯಂತೆ, ಕರೆದು ಕುರ್ಚಿ ತೋರಿಸುವವರಂತೆ. ನಿಜ ಹೇಳುತ್ತೇನೆ, ಹೊಟ್ಟೆಕಿಚ್ಚಾಗಿತ್ತು. ನಮ್ಮ ಎದುರುಮನೆಯವಳು ನನಗೆ ತೋರಿಸುವುದು ಕಸದ ಬುಟ್ಟಿಯೊಂದನ್ನೇ, ಅದೂ ನನ್ನ ಬಾಗಿಲ ಕಡೆ ತಳ್ಳಿ.

ಆಮೇಲೆ ಒಂದು ದಿನ ನಡುವೆ ಸಿಕ್ಕಾಗ ಅಂದಳು, "ಮಾವ ನಂಗೆ ಒಂದು ಟೋಪಿ ಕೊಟ್ರು. ಪಾಪ, ಅವರಿಗೆ ಕೊಂಬು ಅಡ್ಡ ಬರುತ್ತೆ."

ನನ್ನ ಕೈಯಿಂದ ಹಾಸುಬಟ್ಟೆ ಜಾರಿತು. ಆಸ್ಪತ್ರೆಯದು, ಮತ್ತೆ ಒಗೆಯಲು ಹಾಕಬೇಕಾಯಿತು.

ಮಧ್ಯಾಹ್ನ ಬಿಡುವಿನಲ್ಲಿ ಚೀಲದಿಂದ ತೆಗೆದು ತೋರಿಸಿದಳು. ಒಗೆದ ದಿಂಬಿನ ಕವರಿನಲ್ಲಿ ಸುತ್ತಿಟ್ಟಿದ್ದ ಒಂದು ಆಟದ ಯಂತ್ರ, ಅಂಗೈಗಿಂತ ತುಸು ಉದ್ದ. ಅದರೊಳಗೆ ಒಂದು ಪುಟ್ಟ ಊರು. ಹೊಳೆ, ಹಣ್ಣಿನ ಮರ, ಹಂಚಿನ ಮನೆಗಳು, ಒಂದು ಅಂಗಡಿ. ಊರಿನವರೆಲ್ಲ ಪ್ರಾಣಿಗಳು. ಎರಡು ಕಾಲಿನ ಮೇಲೆ ಅಂಗಿ ತೊಟ್ಟು ಓಡಾಡುತ್ತಿದ್ದವು. ಕನ್ನಡಕ ಹಾಕಿದ ಮುದಿ ಮೇಕೆಗೆ ಅವಳು ಮಾವ ಅನ್ನುತ್ತಿದ್ದಳು. ಎದುರುಮನೆಯವಳು ಒಂದು ಡಂಬದ ಬಾತುಕೋಳಿ. ಬೆಳಗಾದರೆ ಕಸರತ್ತು ಮಾಡುವ ಒಂದು ಕಪ್ಪೆ. ಯಾವಾಗಲೂ ಮುಖ ಸಿಂಡರಿಸಿಕೊಂಡಿರುವ ಒಂದು ಹುಂಜ. ಆಟದಲ್ಲಿ ಮಾಡಬೇಕಾದದ್ದೆಂದರೆ ಕಳೆ ಕೀಳುವುದು, ಹೂವಿಗೆ ನೀರು ಹಾಕುವುದು, ಮೀನು ಹಿಡಿಯುವುದು, ದಿನಕ್ಕೊಮ್ಮೆ ಎಲ್ಲರ ಮನೆ ಬಾಗಿಲಿಗೆ ಹೋಗಿ ಮಾತಾಡಿಸುವುದು.

"ಇದರಲ್ಲಿ ಗೆಲ್ಲೋದು ಹೇಗೆ?" ಎಂದು ಕೇಳಿದೆ.

"ಗೆಲ್ಲೋದೇನೂ ಇಲ್ಲ ಕಣೆ. ಅಲ್ಲಿ ಇರೋದು, ಅಷ್ಟೇ."

"ಇರೋದಕ್ಕೆ ಒಂದು ಆಟ ಬೇಕಾ?"

ಅವಳು ಯಂತ್ರವನ್ನು ಮತ್ತೆ ದಿಂಬಿನ ಕವರಿನಲ್ಲಿ ಸುತ್ತಿದಳು. ಉತ್ತರ ನನಗೆ ಆಮೇಲೆ ಗೊತ್ತಾಯಿತು. ಅದಕ್ಕೆ ಅವಳ ತಮ್ಮನ ಮನೆಯ ಕಥೆ ಹೇಳಬೇಕು.

ಮೂಲೆಯಕ್ಕ ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ "ಯಾರೂ ಕೇಳ್ಲಿಲ್ಲ" ಅನ್ನುತ್ತಿದ್ದಳು, ಬಸ್ಸು ಬರಲಿಲ್ಲ ಅನ್ನುವ ಹಾಗೆ. ಮೊದಲು ಅವಳದೇ ಒಂದು ಬಾಡಿಗೆ ಕೋಣೆ ಇತ್ತಂತೆ, ಕಿಟಕಿಯಲ್ಲಿ ಹೂವಿನ ಕುಂಡ ಇತ್ತಂತೆ. ತಮ್ಮನ ಹೆಂಡತಿ ಬಸುರಿಯಾದಾಗ ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಹೇಳಿದರು. "ಅಕ್ಕಾ, ಒಂದೆರಡು ವಾರ ಬಂದಿರು," ಎಂದ ತಮ್ಮ. ಒಂದು ಚೀಲ ಹಿಡಿದು ಬಂದಳು. ಮಗು ಹುಟ್ಟಿತು, ಬಾಣಂತನ ಆಯಿತು, ಮಗುವಿಗೆ ಹಲ್ಲು ಬಂದವು, ಕೋಣೆಯನ್ನು ಅದರ ಒಡೆಯ ಬೇರೆಯವರಿಗೆ ಕೊಟ್ಟ. ಆ ಮಗು ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದರೂ ಅವಳ ಎರಡು ವಾರ ಮುಗಿದಿರಲಿಲ್ಲ. ನಡುವಿನ ಸಣ್ಣ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಳೆಯ ಪೆಟ್ಟಿಗೆಗಳು, ಅವಳ ಮಂಚ. ಇರು ಎಂದು ಯಾರೂ ಹೇಳಲಿಲ್ಲ. ಹೋಗು ಎಂದೂ ಹೇಳಲಿಲ್ಲ.

ಆ ಮನೆಯವರು ಕೆಟ್ಟವರು ಎಂದು ಹೇಳಲು ನನ್ನ ನಾಲಿಗೆ ತುರಿಸುತ್ತದೆ. ಆದರೆ ಅವರು ಬೈಯಲಿಲ್ಲ, ಊಟಕ್ಕೆ ಕಡಿಮೆ ಮಾಡಲಿಲ್ಲ, ಕಾಯಿಲೆ ಬಿದ್ದರೆ ಮಾತ್ರೆ ತಂದುಕೊಟ್ಟರು. ಮಾತಾಡಿಸಲಿಲ್ಲ, ಅಷ್ಟೇ. "ಅತ್ತೆ, ನನ್ನ ನೀಲಿ ಅಂಗಿ ಎಲ್ಲಿ?" "ಅತ್ತಿಗೆ, ಹಾಲು ಉಕ್ಕಿತಾ?" "ಅಕ್ಕಾ, ಬೀಗದ ಕೈ ನೋಡಿದ್ಯಾ?" ಕೇಳುವವರಿಗೆ ಅಂಗಿ ಬೇಕಿತ್ತು, ಬೀಗದ ಕೈ ಬೇಕಿತ್ತು. ನಿನ್ನೆ ನೀನು ಯಾಕೆ ತಡವಾಗಿ ಬಂದೆ ಎಂದು ಆ ಮನೆಯಲ್ಲಿ ಯಾರೂ ಅವಳನ್ನು ಕೇಳಿದ್ದಿಲ್ಲ.

"ಒಂದೇ ಒಂದು ಸಲ," ಎಂದಿದ್ದಳು ಒಮ್ಮೆ, ಮೂಲೆಗಳನ್ನು ನನ್ನ ಕೈಗೆ ಕೊಡುತ್ತ. "ಯಾರಾದ್ರೂ ಒಂದು ಸಲ, ಎಲ್ಲಿಗೂ ಹೋಗ್ಬೇಡ, ಇಲ್ಲೇ ಇರು ಅಂದಿದ್ರೆ ಸಾಕಿತ್ತು ಕಣೆ. ಆಮೇಲೆ ದಿನಾ ಬೈದಿದ್ರೂ ಪರ್ವಾಗಿರ್ಲಿಲ್ಲ."

ಆಟದ ಯಂತ್ರವೂ ಆ ಮನೆಯ ಕೆಲಸವಾಗಿಯೇ ಅವಳ ಕೈಗೆ ಬಂದದ್ದು. ತಮ್ಮನ ಮಗಳದು ಅದು. ಪರೀಕ್ಷೆ ಬಂತೆಂದು ಅತ್ತೆಯ ಕೈಗೆ ಕೊಟ್ಟಳು. "ಅತ್ತೆ, ದಿನಾ ಒಂದ್ಸಲ ಹೋಗಿ ಎಲ್ಲರನ್ನೂ ಮಾತಾಡ್ಸಿ ಬನ್ನಿ. ಇಲ್ಲಾಂದ್ರೆ ಊರು ಬಿಟ್ಟು ಹೋಗ್ತಾರೆ." ಅಂಗಿ ಒಗೆದಿಡಿ ಅನ್ನುವ ಹಾಗೆಯೇ ಹೇಳಿದ್ದಳು. ಪರೀಕ್ಷೆ ಮುಗಿಯಿತು, ಹುಡುಗಿಗೆ ಆಟ ಮರೆತೇಹೋಯಿತು. ಅತ್ತೆಗೆ ಮರೆಯಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದಳು. ಹುಡುಗಿ ಚಿಕ್ಕವಳಿದ್ದಾಗ ಆಟದಲ್ಲಿ ತನಗೆ ತಾನೇ ಪುಟ್ಟರಾಣಿ ಎಂದು ಹೆಸರಿಟ್ಟುಕೊಂಡಿದ್ದಳಂತೆ, ಅದನ್ನು ಬದಲಾಯಿಸಲು ಬರುವುದಿಲ್ಲ. ಹಾಗಾಗಿ ತಲೆ ನರೆತ, ಮೊಣಕಾಲು ನೋವಿನ ಮೂಲೆಯಕ್ಕನನ್ನು ಕಂಡೊಡನೆ ಪ್ರಾಣಿಗಳೆಲ್ಲ ಓಡಿ ಬಂದು ಕೇಳುತ್ತಿದ್ದವು: ಪುಟ್ಟರಾಣಿ, ನಿನ್ನೆ ಯಾಕೆ ಬರಲಿಲ್ಲ? ನಿನ್ನ ದಾರಿ ನೋಡಿದೆ.

"ಅದು ನಿನ್ನನ್ನಲ್ಲ ಅಕ್ಕ ಕೇಳ್ತಿರೋದು," ಎಂದೆ, ಸುಮ್ಮನಿರಲಾರದೆ.

"ಗೊತ್ತು. ಆದ್ರೆ ಹೋಗೋಳು ನಾನೇ ತಾನೆ."

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಯಾರನ್ನಾದರೂ ಬಹಳ ದಿನ ಮಾತಾಡಿಸದಿದ್ದರೆ ಅವರ ತಲೆಯ ಮೇಲೆ ಒಂದು ಸಣ್ಣ ಬೂದು ಮೋಡ ಕಾಣಿಸಿಕೊಳ್ಳುತ್ತಿತ್ತು. ಹತ್ತಿರ ಹೋಗಿ ಕೇಳಿದರೆ, ನಾನು ಇಲ್ಲಿಂದ ಹೋಗೋಣ ಎಂದು ಯೋಚನೆ ಮಾಡುತ್ತಿದ್ದೇನೆ, ನೀನು ಏನನ್ನುತ್ತೀಯ ಎಂದು ಕೇಳುತ್ತಿದ್ದರು. ಒತ್ತಲು ಎರಡು ಉತ್ತರ ಕೊಡುತ್ತಿತ್ತು ಆಟ. ಒಂದು, ಹೋಗಿ ಬಾ. ಇನ್ನೊಂದು, ಹೋಗಬೇಡ. ಹೋಗಬೇಡ ಎಂದರೆ ಆ ಪ್ರಾಣಿ ಒಂದು ಕ್ಷಣ ನಿಂತು, ನೀನು ಹಾಗೆ ಅನ್ನುತ್ತೀಯ ಎಂದರೆ ಇರುತ್ತೇನೆ ಎಂದು ನಗುತ್ತಿತ್ತು, ಮೋಡ ಕರಗುತ್ತಿತ್ತು. ಮೂಲೆಯಕ್ಕ ಯಾರಿಗೂ ಹೋಗಿ ಬಾ ಎಂದವಳಲ್ಲ. ಅವಳ ಊರಿನಿಂದ ಒಬ್ಬರೂ ಬಿಟ್ಟು ಹೋಗಿರಲಿಲ್ಲ.

"ಆ ಹುಂಜ ಹೋದ್ರೆ ಹೋಗ್ಲಿ ಬಿಡಕ್ಕ," ಎಂದಿದ್ದೆ. "ದಿನಾ ನಿನ್ನ ಮೇಲೆ ರೇಗುತ್ತೆ. ಅದರ ಕೂಗಿಲ್ದಿದ್ರೆ ನಿಮ್ಮೂರಲ್ಲಿ ಬೆಳಗಾಗಲ್ವಾ?"

"ಹೋಗ್ತೀನಿ ಅನ್ನೋರು ಹೋಗೋಕೆ ಹೇಳಲ್ಲ ಕಣೆ. ಹೋಗ್ಬೇಡ ಅನ್ನಿಸ್ಕೊಳ್ಳೋಕೆ ಹೇಳೋದು. ಹೋಗೋರು ಹೇಳದೇನೇ ಹೋಗ್ತಾರೆ."

ಅದನ್ನು ನಾನು ಒಳ್ಳೆಯ ಮಾತು ಎಂದುಕೊಂಡೆ. ಮಡಚಿ ಮೇಲಿಟ್ಟೆ, ಮರೆತೆ.

ಅಷ್ಟರಲ್ಲಿ ತಮ್ಮನ ಮಗಳಿಗೆ ಮನೆಯಲ್ಲೇ ಕೂತು ಮಾಡುವ ಕೆಲಸ ಸಿಕ್ಕಿತು. ಅದಕ್ಕೊಂದು ಬಾಗಿಲಿರುವ ಕೋಣೆ ಬೇಕು, ಮೇಜು ಬೇಕು. ಒಂದು ರಜೆಯ ದಿನ ಬೆಳಿಗ್ಗೆ ಅಪ್ಪ, ಅಮ್ಮ, ಮಗಳು ಮೂವರೂ ಅಳತೆಪಟ್ಟಿ ಹಿಡಿದು ನಡುವಿನ ಕೋಣೆಗೆ ಬಂದರು. ಮೂಲೆಯಕ್ಕ ಮಂಚದ ಮೇಲೆ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

"ಅತ್ತೆ, ಈ ತುದಿ ಸ್ವಲ್ಪ ಹಿಡ್ಕೊಳ್ಳಿ," ಎಂದಳು ಹುಡುಗಿ.

ಹಿಡಿದುಕೊಂಡಳು. ಗೋಡೆಯ ಉದ್ದ ಅಳೆದರು, ಕಿಟಕಿಯವರೆಗೆ ಅಳೆದರು. "ಮಂಚ ಇಲ್ಲೇ ಇದ್ರೆ ಚಿಕ್ಕ ಮೇಜೇ ಗತಿ," ಎಂದಳು ತಮ್ಮನ ಹೆಂಡತಿ, ಮಂಚದ ಮೇಲೆ ಬರೀ ಹಾಸಿಗೆ ಇದ್ದಂತೆ. "ಆಯ್ತು, ಚಿಕ್ಕದೇ ಹೇಳಿ," ಎಂದ ತಮ್ಮ. ಮೂವರೂ ಹೊರಟುಹೋದರು.

"ಅಳತೆ ತಪ್ಪಬಾರ್ದು ಅಂತ ನಾನು ಬಿಗಿಯಾಗೇ ಹಿಡ್ಕೊಂಡಿದ್ದೆ ಕಣೆ," ಎಂದಳು ಮರುದಿನ ನನಗೆ. ಯಂತ್ರಗಳ ಸದ್ದನ್ನೂ ಮೀರಿ ನಾನು ಬೈದೆ. ತಮ್ಮನನ್ನು ಬೈದೆ, ಅವನ ಹೆಂಡತಿಯನ್ನು ಬೈದೆ, ಹುಟ್ಟಿಯೇ ಇರದ ಮೇಜನ್ನೂ ಬೈದೆ. ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ಏನನ್ನೋ ಯೋಚಿಸುತ್ತಿದ್ದಳು.

"ನಾನೂ ಒಂದ್ಸಲ ಹೇಳಿ ನೋಡ್ತೀನಿ," ಎಂದಳು ನಡುವೆ ಬಂದಾಗ.

"ಏನಂತ?"

"ಹೋಗೋಣ ಅಂತಿದೀನಿ ಅಂತ."

ನಾನು ಮೂಲೆ ತೆಗೆದುಕೊಳ್ಳದೆ ನಿಂತುಬಿಟ್ಟೆ. "ಅಕ್ಕ, ನಿಂಗೆ ತಲೆ ಕೆಟ್ಟಿದ್ಯಾ? ಅದು ಮೇಕೆ. ಮೇಕೆಗೆ ಏನು ಹೇಳ್ಬೇಕು ಅಂತ ಆಟ ಮಾಡಿದೋರು ಎರಡು ಮಾತು ಬರೆದಿಟ್ಟಿದಾರೆ. ನಿನ್ನ ತಮ್ಮನಿಗೆ ಯಾರು ಬರೆದುಕೊಟ್ಟಿದಾರೆ?"

"ಬರೆದುಕೊಡದೇ ಇದ್ರೆ ಇನ್ನೂ ಚೆನ್ನಾಗೇ ಹೇಳ್ತಾನೆ ಬಿಡು," ಎಂದಳು. "ನನ್ನ ತಮ್ಮ ಕಣೆ ಅವನು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದನ್ನೂ ಹೇಳಿದೆ. ಅವಳು ನಕ್ಕಳು. ಆ ನಗು ನೋಡಿ ನನಗೆ ಹೆದರಿಕೆಯಾಯಿತು, ಯಾಕೆಂದರೆ ಅವಳು ನಿಜವಾಗಿ ಆಸೆ ಇಟ್ಟುಕೊಂಡಿದ್ದಳು. ಹೋಗಲು ಅವಳಿಗೆ ಜಾಗವಿರಲಿಲ್ಲ, ಹುಡುಕಿಯೂ ಇರಲಿಲ್ಲ. ಬೇಕಾಗುವುದೇ ಇಲ್ಲ ಎಂದು ಅಷ್ಟು ನಂಬಿದ್ದಳು.

ಬೆಳಗಿನ ತಿಂಡಿಯ ಹೊತ್ತಿನಲ್ಲಿ ಹೇಳಿದಳಂತೆ. ತಮ್ಮ ಫೋನು ನೋಡುತ್ತ ಬ್ರೆಡ್ ತಿನ್ನುತ್ತಿದ್ದ. ಅವನ ಹೆಂಡತಿ ಚಹಾ ಬಗ್ಗಿಸುತ್ತಿದ್ದಳು. ಮಗಳು ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡಿದ್ದಳು. ಮೂಲೆಯಕ್ಕ ಮೇಕೆ ಮಾವ ಹೇಳಿದಂತೆಯೇ, ಅವನ ಮಾತುಗಳಲ್ಲೇ ಹೇಳಿದಳು. "ನಾನು ಇಲ್ಲಿಂದ ಹೋಗೋಣ ಅಂತ ಯೋಚನೆ ಮಾಡ್ತಿದೀನಿ. ನೀವೇನಂತೀರಾ?"

ತಮ್ಮ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ. ಅವಳಿಗೆ ಆಗಲೇ ಅರ್ಧ ಜೀವ ಬಂತು. ಅವನು ತಲೆಯೆತ್ತಿ ಅವಳ ಮುಖ ನೋಡಿದ, ಎಷ್ಟೋ ವರ್ಷಗಳ ಮೇಲೆ ಸರಿಯಾಗಿ ನೋಡಿದ.

"ಯಾವಾಗ?" ಎಂದ.

ಅವಳು ಬಾಯಿ ತೆರೆಯುವ ಮೊದಲೇ ಅವನ ಹೆಂಡತಿ, "ಅಯ್ಯೋ ಅತ್ತಿಗೆ," ಎಂದಳು.

"ಆ ಅಯ್ಯೋ ಕೇಳಿ ನನ್ನ ಜೀವ ಬಾಯಿಗೆ ಬಂದಿತ್ತು ಕಣೆ," ಎಂದು ನನಗೆ ಹೇಳುವಾಗ ಮೂಲೆಯಕ್ಕ ಹಾಸುಬಟ್ಟೆಯ ಅಂಚನ್ನು ಉಗುರಿನಿಂದ ತೀಡುತ್ತಿದ್ದಳು. "ಅವಳಾದ್ರೂ ಹೇಳ್ತಾಳೆ ಅಂದ್ಕೊಂಡೆ."

ಅವಳು ಹೇಳಿದ್ದು ಹೀಗೆ: "ಮೊದ್ಲೇ ಹೇಳ್ಬಾರ್ದಿತ್ತಾ? ಬಡಗಿಗೆ ಚಿಕ್ಕ ಮೇಜಿನ ಅಳತೆ ಕೊಟ್ಟುಬಿಟ್ವಲ್ಲ."

"ಈಗ್ಲೇ ಫೋನ್ ಮಾಡಿದ್ರೆ ಬದಲಾಯಿಸ್ತಾನೆ ಅಮ್ಮ, ಇನ್ನೂ ಮರ ಕೊಯ್ದಿರಲ್ಲ," ಎಂದು ಮಗಳು ಎದ್ದಳು. ಬಡಗಿ ಫೋನ್ ಎತ್ತಿದ. ಮೂಲೆಯಕ್ಕ ಎದ್ದು ಲೋಟ ತೊಳೆದಿಟ್ಟು ಕೆಲಸಕ್ಕೆ ಬಂದಳು.

"ಸುಮ್ನೆ ತಮಾಷೆಗೆ ಅಂದೆ ಅಂತ ಇವತ್ತೇ ಹೇಳಿಬಿಡು," ಎಂದೆ.

"ಬಡಗಿಗೆ ಹೇಳಿಯಾಯ್ತಲ್ಲ."

"ಬಡಗಿ ಮನೆ ಹಾಳಾಗ. ಹೋಗ್ಬೇಡ ಅಕ್ಕ. ನಾನು ಹೇಳ್ತಿದೀನಿ, ಹೋಗ್ಬೇಡ. ಅಷ್ಟೂ ಆಗ್ಲಿಲ್ವಾ, ನಮ್ಮನೆಗೆ ಬಾ. ಇರೋದ್ರಲ್ಲೇ ಒಂದು ಚಾಪೆ ಹಾಸ್ತೀನಿ."

ಅವಳು ನನ್ನ ಮುಖ ನೋಡಲಿಲ್ಲ. "ನೀನು ಹೇಳ್ತೀಯ ಅಂತ ನಂಗೆ ಗೊತ್ತಿತ್ತು. ನಿನ್ನ ಬಾಯಿಂದ ಕೇಳೋಕಲ್ಲ ಕಣೆ ನಾನು ಅಂದಿದ್ದು."

ಇಷ್ಟು ವರ್ಷ ಅವಳೆದುರು ನಡೆದಿದ್ದೇನೆ. ನನಗೆ ನೋವಾಗಲಿಲ್ಲ ಎಂದರೆ ಸುಳ್ಳು. ಆದರೆ ಅವಳು ಹೇಳಿದ್ದು ಸರಿ. ಹಸಿವು ಒಂದು ಮನೆಯದು, ಊಟ ಇನ್ನೊಂದು ಮನೆಯದಾದರೆ ತುತ್ತು ಇಳಿಯುವುದಿಲ್ಲ.

ಅವಳು ಹೊರಡುವವರೆಗಿನ ದಿನಗಳಲ್ಲಿ ಆ ಮನೆಯವರು ಇದ್ದಷ್ಟು ಒಳ್ಳೆಯವರಾಗಿ ಹಿಂದೆಂದೂ ಇದ್ದಿರಲಿಲ್ಲ. ತಮ್ಮ ಅಂಗಡಿಯಿಂದ ರಟ್ಟಿನ ಪೆಟ್ಟಿಗೆಗಳನ್ನು ತಂದ, ಹರಿದದ್ದನ್ನೆಲ್ಲ ಆರಿಸಿ ತೆಗೆದು ಗಟ್ಟಿಯಾದವನ್ನೇ ಕೊಟ್ಟ. "ಹೋಗೋ ಕೋಣೆಗೆ ಗಾಳಿ ಬೆಳಕು ಇದೆಯಾ ಅಕ್ಕಾ? ಗಾಡಿಗೆ ನಾನೇ ಹೇಳ್ತೀನಿ," ಎಂದ. ಅವನ ಹೆಂಡತಿ, ಅತ್ತಿಗೆಗೆ ಏನು ಇಷ್ಟವೆಂದು ಮೊದಲ ಸಲ ಕೇಳಿ ಅದನ್ನೇ ಮಾಡಿ ಬಡಿಸಿದಳು. ಊಟದ ಮೇಜಿನಲ್ಲಿ ಅವಳೊಡನೆ ನಕ್ಕು ಮಾತಾಡಿದರು. ಅವಳು ಬೇಕೆಂದೇ ನಿಧಾನವಾಗಿ ಕಟ್ಟಿದಳು, ಬಾಗಿಲು ತೆರೆದಿಟ್ಟು ಕಟ್ಟಿದಳು. ಹಾದುಹೋಗುವವರು ಇಣುಕಿ, "ಸಹಾಯ ಬೇಕಾ?" ಎನ್ನುತ್ತಿದ್ದರು. ಬೇಡ ಎನ್ನುತ್ತಿದ್ದಳು. ಅವರು ಮುಂದೆ ಹೋಗುತ್ತಿದ್ದರು.

ಆಟದ ಯಂತ್ರವನ್ನು ಜೊತೆಗೆ ಒಯ್ಯಲೇ ಎಂದು ತಮ್ಮನ ಮಗಳನ್ನು ಕೇಳಿದಳು. ವರ್ಷಗಟ್ಟಲೆ ಅದನ್ನು ಮುಟ್ಟದ ಹುಡುಗಿಗೆ ಆಗ ಕಣ್ಣು ತುಂಬಿ ಬಂತಂತೆ. "ಅದು ನನ್ನ ಚಿಕ್ಕಂದಿನ ನೆನಪು ಅತ್ತೆ, ಅದೊಂದು ಬೇಡ. ನಿಮಗೆ ಬೇರೆ ಕೊಡಿಸ್ತೀನಿ." ಬೇರೆಯದು ಇನ್ನೂ ಬರಬೇಕು. ಮೂಲೆಯಕ್ಕ ಅದನ್ನು ದಿಂಬಿನ ಕವರಿನ ಸಮೇತ ಕೊಟ್ಟು, "ದಿನಾ ಒಂದ್ಸಲ ಹೋಗಿ ಎಲ್ಲರನ್ನೂ ಮಾತಾಡ್ಸು," ಎಂದಳು. "ಆಯ್ತು ಆಯ್ತು," ಎಂದು ಹುಡುಗಿ ಡ್ರಾಯರಿನಲ್ಲಿ ಹಾಕಿದಳು. ಕಣ್ಣೀರು ಯಂತ್ರಕ್ಕೆ ಬಂತು, ಅತ್ತೆಗೆ ಬರಲಿಲ್ಲ. ಇದು ಮೂಲೆಯಕ್ಕ ಹೇಳಿದ್ದಲ್ಲ, ನನ್ನ ಮಾತು.

ಲಾಂಡ್ರಿಯ ಹಿಂದಿನ ಬೀದಿಯಲ್ಲಿ ಒಂಟಿ ಹೆಂಗಸರಿಗೆ ಕೋಣೆ ಕೊಡುವ ಒಂದು ಕಟ್ಟಡವಿದೆ. ಉದ್ದ ಓಣಿ, ಎರಡೂ ಬದಿಗೆ ಒಂದೇ ಥರದ ಕಂದು ಬಾಗಿಲು, ಕೊನೆಯಲ್ಲಿ ಎಲ್ಲರಿಗೂ ಸೇರಿ ಒಂದು ನಲ್ಲಿ. ನಾನೇ ಹೋಗಿ ಮಂಚ ಹಾಕಿಸಿ ಬಂದೆ. ಮೂಲೆಯಕ್ಕ ಹೋದ ದಿನವೇ ತಲೆ ಬಾಚಿಕೊಂಡು, ಒಳ್ಳೆಯ ಬಟ್ಟೆ ಉಟ್ಟು, ಓಣಿಯ ಒಂದೊಂದೇ ಬಾಗಿಲು ತಟ್ಟಿದಳು. ಆಟದ ಊರಿನಲ್ಲಿ ಹೊಸಬರು ಬಂದರೆ ಹಾಗೆಯೇ ಮಾಡುತ್ತಿದ್ದರಂತೆ. ಮೊದಲ ಬಾಗಿಲು ತೆರೆಯಲಿಲ್ಲ. ಎರಡನೆಯದು ಬೆರಳಷ್ಟು ತೆರೆಯಿತು. "ನಮಗೇನೂ ಬೇಡ," ಎಂದು ಮುಚ್ಚಿತು. ಏನೋ ಮಾರಲು ಬಂದವಳೆಂದುಕೊಂಡಿರಬೇಕು. ಮೂರನೆಯದನ್ನು ಅವಳು ತಟ್ಟಲಿಲ್ಲ.

ಆಮೇಲೆ ನಮ್ಮ ಮೇಜಿಗೆ ಸುದ್ದಿ ಬರುವುದು ನಿಂತಿತು. ಮಾವನ ನೆಗಡಿಯಿಲ್ಲ, ಬಾತುಕೋಳಿಯ ಕುರ್ಚಿಯಿಲ್ಲ. ಮೂಲೆ ಹಿಡಿಯೇ ಎನ್ನುವುದೂ ಕಡಿಮೆಯಾಯಿತು. ಎಂದಾದರೊಮ್ಮೆ, "ಈಗ ಅಲ್ಲಿ ಕಳೆ ಬೆಳೆದಿರುತ್ತೆ," ಎನ್ನುತ್ತಿದ್ದಳು. ನಾನು ಬೇಕೆಂದೇ ಮೂಲೆ ತಪ್ಪಿಸಿ ಹಿಡಿಯುತ್ತಿದ್ದೆ, ಬೈಯಲಿ ಎಂದು. ಬೈಯದೆ ಸರಿಮಾಡಿಕೊಂಡು ಮಡಚುತ್ತಿದ್ದಳು.

ಚಳಿ ಬಿದ್ದ ಮೇಲೆ ಒಂದು ದಿನ, ತಮ್ಮನ ಮನೆಯಲ್ಲಿ ಸ್ವೆಟರ್ ಮರೆತು ಬಂದಿದ್ದೇನೆ, ತರಬೇಕು ಎಂದಳು. ಮರೆಯುವ ಹೆಂಗಸಲ್ಲ ಅವಳು.

ಹೋಗಿ ಬಂದ ಮರುದಿನ ಮೊದಲ ರಾಶಿ ಹಾಸುಬಟ್ಟೆ ಮಡಚಿ ಮುಗಿಸಿದೆವು. ಆಮೇಲೆ ತಾನಾಗಿ ಹೇಳತೊಡಗಿದಳು, ನಡುವೆ ಸಿಕ್ಕಾಗಲೊಮ್ಮೆ ಒಂದೊಂದು ಮಾತು.

ಅವರು ಅವಳನ್ನು ಮುಂದಿನ ಕೋಣೆಯ ಒಳ್ಳೆಯ ಕುರ್ಚಿಯಲ್ಲಿ ಕೂರಿಸಿದರು. ಆ ಮನೆಯಲ್ಲಿ ಅವಳದೊಂದು ಕಿವಿ ಮುರಿದ ಕಪ್ಪು ಇತ್ತು, ಚಹಾ ಯಾವಾಗಲೂ ಅದರಲ್ಲೇ. ಅವತ್ತು ಅವಳಿಗೆ ಕೊಟ್ಟದ್ದು ನೀಲಿ ಹೂವಿನ ಕಪ್ಪು, ಸಾಸರ್ ಸಮೇತ. ಬಂದವರಿಗೆಂದು ಮೇಲಿನ ಕಪಾಟಿನಲ್ಲಿ ಇಡುವಂಥದ್ದು. ವರ್ಷಗಟ್ಟಲೆ ಅದನ್ನು ಒರೆಸಿ ಇಟ್ಟವಳು ಅವಳೇ.

"ಮುರಿದ ಕಪ್ಪು ಎಲ್ಲಿ ಅಂತ ಕೇಳಿದೆ ಕಣೆ. ಬಿಸಾಕಿದ್ವಿ ಅತ್ತಿಗೆ, ಯಾರು ಕುಡೀತಾರೆ ಅದ್ರಲ್ಲಿ, ಅಂದ್ಲು."

ತಮ್ಮ ಕೆಲಸಕ್ಕೆ ಹೋಗಿದ್ದ. ತಮ್ಮನ ಹೆಂಡತಿ ಸ್ವೆಟರ್ ಹುಡುಕಲು ಒಳಗೆ ಹೋದಳು. ಮೂಲೆಯಕ್ಕ ನಡುವಿನ ಕೋಣೆಯ ಬಾಗಿಲಲ್ಲಿ ನಿಂತು ನೋಡಿದಳು. ಗೋಡೆಯಿಂದ ಕಿಟಕಿಯವರೆಗೆ ಒಂದೇ ಉದ್ದದ ಮೇಜು. ಚೆನ್ನಾಗಿತ್ತಂತೆ, ಅಳತೆ ಕೂದಲಷ್ಟೂ ತಪ್ಪಿರಲಿಲ್ಲ. ಹುಡುಗಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಯಾರೊಡನೆಯೋ ಕೆಲಸದ ಮಾತಿನಲ್ಲಿದ್ದಳು, ಕೈಸನ್ನೆ ಮಾಡಿ ನಕ್ಕಳು. ಮೂಲೆಯಕ್ಕ ಡ್ರಾಯರಿನ ಕಡೆ ಬೆರಳು ತೋರಿಸಿದಳು. ಹುಡುಗಿ ಮಾತು ನಿಲ್ಲಿಸದೆಯೇ ದಿಂಬಿನ ಕವರನ್ನು ತೆಗೆದು ಅವಳ ಕೈಗಿತ್ತು ಬಾಗಿಲು ಹಾಕಿಕೊಂಡಳು. ಕವರಿನ ಮಡಿಕೆ ಅವಳು ಮಡಚಿಟ್ಟಂತೆಯೇ ಇತ್ತು.

ಮತ್ತೆ ಒಳ್ಳೆಯ ಕುರ್ಚಿಗೆ ಬಂದು, ಚಾರ್ಜಿನ ತಂತಿ ಸಿಕ್ಕಿಸಿ ಯಂತ್ರ ಹಚ್ಚಿದಳು. ಊರ ತುಂಬ ಸೊಂಟದೆತ್ತರ ಕಳೆ. ಹೂವಿನ ಗಿಡ ಒಂದೂ ಉಳಿದಿರಲಿಲ್ಲ. ಕಪ್ಪೆಯ ಮನೆ ಖಾಲಿ. ಬಾತುಕೋಳಿಯ ಮನೆ ಇದ್ದ ಜಾಗದಲ್ಲಿ ಬರೀ ನೆಲ. ಸಿಡುಕು ಹುಂಜವೂ ಹೋಗಿತ್ತು. ಹೊಳೆಯ ದಂಡೆಯಲ್ಲಿ ಮರದ ಕೆಳಗೆ ಮೇಕೆ ಮಾವ ಒಬ್ಬನೇ ನಿಂತಿದ್ದ. ತಲೆಯ ಮೇಲೆ ಮೋಡವಿತ್ತು.

"ನನ್ನ ಕಂಡ ತಕ್ಷಣ ಓಡಿ ಬಂತು," ಎಂದಳು. "ಪುಟ್ಟರಾಣಿ, ಎಲ್ಲಿ ಹೋಗಿದ್ದೆ, ನನ್ನನ್ನ ಯಾರೂ ಮಾತಾಡ್ಸಲ್ಲ ಅಂತು. ನಾನು ಇಲ್ಲಿಂದ ಹೋಗೋಣ ಅಂತ ಯೋಚನೆ ಮಾಡ್ತಿದೀನಿ, ನೀನೇನಂತೀಯಾ ಅಂತು."

ನಾವು ನಡುವೆ ಬಂದಿದ್ದೆವು. ಅವಳು ಮೂಲೆಗಳನ್ನು ನನ್ನ ಕೈಗೆ ಕೊಟ್ಟಳು, ಆದರೆ ಹಿಂದೆ ಸರಿಯಲಿಲ್ಲ.

"ಹೋಗ್ಬೇಡ ಅಂತ ಒತ್ತಿದೆ ತಾನೆ?" ಎಂದೆ.

"ಇಲ್ಲ. ಹೋಗಿ ಬಾ ಅಂತ ಒತ್ತಿದೆ."

"ಯಾಕಕ್ಕ?"

"ಬೇಡ ಅಂದ್ರೆ ಇದ್ದುಬಿಡುತ್ತೆ ಕಣೆ ಅದು. ನನ್ನ ಮಾತು ನಂಬಿಕೊಂಡು ಇದ್ದುಬಿಡುತ್ತೆ. ನಾನು ಸ್ವೆಟರ್ ಹಿಡ್ಕೊಂಡು ಬಂದುಬಿಡ್ತೀನಿ. ಆ ಡ್ರಾಯರಲ್ಲಿ ಅದನ್ನ ಯಾರು ಮಾತಾಡ್ಸ್ತಾರೆ?"

ಒಣಗಿಸುವ ಯಂತ್ರವೊಂದು ನಿಂತಿತು. ಅದರ ಬಟ್ಟೆಯನ್ನು ನಾವೇ ತೆಗೆಯಬೇಕು. ಇಬ್ಬರೂ ಅಲ್ಲಾಡಲಿಲ್ಲ.

"ಮತ್ತೆ ಅದು ಏನಂತು?" ಎಂದು ಕೇಳಿದೆ. ಕೇಳಬಾರದಿತ್ತು.

"ಸ್ವಲ್ಪ ಹೊತ್ತು ಸುಮ್ನೆ ನಿಂತಿತ್ತು. ಆಮೇಲೆ, ನೀನು ತಡೀತೀಯ ಅಂದ್ಕೊಂಡಿದ್ದೆ ಪುಟ್ಟರಾಣಿ, ಅಂತು."

ಅವಳು ಹೋಗಿ ಯಂತ್ರದ ಬಾಗಿಲು ತೆಗೆದು, ಬಿಸಿ ಹಾಸುಬಟ್ಟೆಯೊಂದನ್ನು ಎಳೆದುಕೊಂಡು ತನ್ನ ತುದಿಯಲ್ಲಿ ನಿಂತಳು. ನಾನು ನನ್ನ ತುದಿಗೆ ಹೋಗಿ ಮೂಲೆ ಹಿಡಿದೆ.